ಕೊಳಕೂರಿಗೆ ಬಂದ ಟಾಯ್ ಪೂಡಲ್

ಯುಗಾದಿಗೆ ಇನ್ನೊಂದು ವಾರ ಇತ್ತು. ಜೇವರ್ಗಿ ತಾಲ್ಲೂಕಿನ ಕೊಳಕೂರಿನಿಂದ ಒಬ್ಬ ಮುತ್ಯಾ ಬಿದಿರು ಬುಟ್ಟಿಯೊಂದನ್ನು ಎದೆಗವಚಿಕೊಂಡು ನಮ್ಮ ಪಶು ಆಸ್ಪತ್ರೆಗೆ ಬಂದರು. ಬುಟ್ಟಿಯ ಮೇಲೆ ಹಸಿ ಟವೆಲ್ ಮುಚ್ಚಿತ್ತು. ಕೋಳಿಗೆ ಏನೋ ಬೇನೆ ಬಂದಿರಬೇಕು ಅಂದುಕೊಂಡೆ. ಟವೆಲ್ ಸರಿಸಿದಾಗ ಕಂಡದ್ದು ಹಳೇ ಕಂಬಳಿಯ ತುಂಡಿನಂಥ ಒಂದು ಮುದ್ದೆ. ಅದರ ನಡುವೆ ಎರಡು ಕಪ್ಪು ಕಣ್ಣು.

"ಸಾಹೇಬ್ರೆ, ಮೊಮ್ಮಗ ಬೆಂಗಳೂರಿಂದ ತಂದು ಬಿಟ್ಟು ಹೋಗ್ಯಾನ್ರೀ. ಅವನ ಹೆಂಡ್ತಿ ಬಸುರಿ ಅದಾಳ, ಅಲ್ಲಿ ನೋಡೋರು ಯಾರೂ ಇಲ್ಲಂತ. ನಾಕು ದಿನ ಆತು, ಉಣವಲ್ದು. ಮುಟ್ಟಿದ್ರ ಚೀರತಾದ. ಏನಾಗ್ಯಾದ ನೋಡ್ರಿ."

"ಯಾವಾಗ ತಂದಿದ್ದ, ಮುತ್ಯಾ?"

"ಸಂಕ್ರಾಂತಿಗಿ."

ಸಂಕ್ರಾಂತಿಯಿಂದ ಯುಗಾದಿ ಅಂದರೆ ಎರಡು ತಿಂಗಳ ಮೇಲಾಯಿತು. ಅಷ್ಟು ದಿನ ಆ ನಾಯಿಯ ಕೂದಲಿಗೆ ಹಣಿಗೆ ತಾಕಿರಲಿಲ್ಲ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಹೊಟ್ಟೆಯ ಅಡಿ ಕೂದಲು ಜಡೆಗಟ್ಟಿ ಚರ್ಮಕ್ಕೆ ಬಿಗಿದುಕೊಂಡಿತ್ತು. ಜಡೆಯೊಳಗೆ ಉತ್ತರಾಣಿಯ ಬೀಜ, ಎರಿ ಹೊಲದ ಮಣ್ಣು, ಉಣ್ಣಿ. ನಾಯಿ ಒಂದು ಹೆಜ್ಜೆ ಇಟ್ಟರೂ ಕಂಕುಳಿನ ಜಡೆ ಚರ್ಮವನ್ನು ಜಗ್ಗುತ್ತಿತ್ತು. ಚೀರುತ್ತಿದ್ದದ್ದು ಅದಕ್ಕೇ. ಒಂದೂವರೆ ತಾಸು ಕೂತು, ಚರ್ಮಕ್ಕೂ ಜಡೆಗೂ ನಡುವೆ ಹಣಿಗೆ ತೂರಿಸಿ, ಹಣಿಗೆಯ ಮೇಲಿನಿಂದ ಕ್ಲಿಪ್ಪರ್ ಓಡಿಸಿ ಒಂದೊಂದೇ ಗಂಟು ತೆಗೆದೆವು. ಕೆಳಗಿನ ಚರ್ಮ ಕೆಂಪಾಗಿ ಒದ್ದೆಯಾಗಿತ್ತು. ಎಲ್ಲ ಮುಗಿದ ಮೇಲೆ ತಕ್ಕಡಿಯಲ್ಲಿಟ್ಟರೆ 2 ಕಿಲೋ 600 ಗ್ರಾಂ. ಕೂದಲು ಹೋದ ಮೇಲೆ ಬೆಲ್ಲದ ಬಣ್ಣ ಕಾಣಿಸಿತು. ಬೆಂಗಳೂರಿನಲ್ಲಿ ಏನೋ ಇಂಗ್ಲಿಷ್ ಹೆಸರಿತ್ತಂತೆ. ಮುತ್ಯಾ ಅಲ್ಲೇ ನಿಂತು "ಬೆಲ್ಲಾ" ಎಂದು ಕರೆದರು. ಅದು ತಿರುಗಿ ನೋಡಿತು.

ನಾನು ಕೆಲಸ ಮಾಡಿದ್ದು ಹೆಚ್ಚಾಗಿ ಎತ್ತು, ಎಮ್ಮೆ, ಆಡು, ಕುರಿಗಳ ನಡುವೆ. ಆದರೆ ಈಚಿನ ವರ್ಷಗಳಲ್ಲಿ ಊರಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳ ಜತೆ ಇಂಥ ನಾಯಿಗಳು ಹಳ್ಳಿಗೆ ಬರುತ್ತಿವೆ. ಕೆಲವು ಹಬ್ಬಕ್ಕೆ ಬಂದು ಹೋಗುತ್ತವೆ, ಕೆಲವು ಇಲ್ಲೇ ಉಳಿಯುತ್ತವೆ. ಉಳಿದ ನಾಯಿಯನ್ನು ನೋಡಿಕೊಳ್ಳುವವರು ಮನೆಯ ಹಿರಿಯರು. ಅವರಿಗೆ ಪ್ರೀತಿಯ ಕೊರತೆ ಇಲ್ಲ. ಇದು ಯಾವ ಜಾತಿಯ ನಾಯಿ, ಇದಕ್ಕೆ ಏನು ಬೇಕು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ, ಅಷ್ಟೆ. ಅದನ್ನು ಹೇಳಬೇಕೆಂದೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಬೆಲ್ಲಾ ಟಾಯ್ ಪೂಡಲ್ ಜಾತಿಯ ನಾಯಿ. ಟಾಯ್ ಅಂದರೆ ಆಟಿಕೆ. ಈ ಹೆಸರೇ ಅರ್ಧ ಕಷ್ಟಕ್ಕೆ ಕಾರಣ ಎಂಬುದು ನನ್ನ ಅಭಿಪ್ರಾಯ. ಆ ಮಾತು ಅಳತೆಗೆ ಮಾತ್ರ ಸಲ್ಲುತ್ತದೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಪೂಡಲ್ ತಳಿಯನ್ನು ನಾಲ್ಕು ಅಳತೆಗಳಲ್ಲಿ ಗುರುತಿಸುತ್ತದೆ. ದೊಡ್ಡದು ಭುಜದ ಹತ್ತಿರ 45 ಸೆಂಟಿಮೀಟರಿನಿಂದ 60ರವರೆಗೆ ಎತ್ತರ. ಆಮೇಲೆ ಮಧ್ಯಮ, ಅದಕ್ಕಿಂತ ಕಿರಿದು. ಎಲ್ಲಕ್ಕಿಂತ ಚಿಕ್ಕದು ಟಾಯ್, 24ರಿಂದ 28 ಸೆಂಟಿಮೀಟರ್, ಅಂದರೆ ನಮ್ಮ ಒಂದು ಗೇಣಿಗಿಂತ ತುಸು ಹೆಚ್ಚು. ತೂಕ ಸುಮಾರು ಎರಡರಿಂದ ನಾಲ್ಕು ಕಿಲೋ. ಇದಕ್ಕೂ ಕೆಳಗೆ ಟೀಕಪ್ ಪೂಡಲ್ ಎಂದು ಮಾರುತ್ತಾರಲ್ಲ, ಅಂಥದ್ದೊಂದು ಅಳತೆಗೆ ಒಕ್ಕೂಟದ ಮಾನ್ಯತೆ ಇಲ್ಲ. ಅತಿ ಚಿಕ್ಕ ಮರಿ ಎಂದರೆ ಅತಿ ದುರ್ಬಲ ಮರಿ. ಅದಕ್ಕೆ ಹೆಚ್ಚು ದುಡ್ಡು ಕೊಡುವುದು ಸರಿಯಲ್ಲ.

ಪೂಡಲ್ ಎಂಬ ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ನೀರಿನಲ್ಲಿ ಪಚಪಚ ಸದ್ದು ಮಾಡುತ್ತ ಆಡುವುದು ಎಂಬ ಅರ್ಥ ಆ ಪದದ ಮೂಲದಲ್ಲಿದೆ. ಫ್ರೆಂಚರು ಇದನ್ನು ಬಾತುಕೋಳಿಯ ಹೆಸರಿನಿಂದ ಹುಟ್ಟಿದ ಪದದಿಂದ ಕರೆಯುತ್ತಾರೆ. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕೆರೆಗೆ ಇಳಿದು ಈಜಿ ಕಚ್ಚಿಕೊಂಡು ಬರುವುದು ಇದರ ಹಿರಿಯರ ಕಸುಬಾಗಿತ್ತು. ಪ್ರದರ್ಶನಗಳಲ್ಲಿ ಮೈಯೆಲ್ಲ ಬೋಳಿಸಿ ಎದೆಗೆ, ಕೀಲುಗಳಿಗೆ, ಬಾಲದ ತುದಿಗೆ ಮಾತ್ರ ಉಂಡೆ ಉಂಡೆ ಕೂದಲು ಬಿಟ್ಟಿರುತ್ತಾರಲ್ಲ, ಅದೂ ಮೊದಲು ಶೋಕಿಗೆ ಮಾಡಿದ್ದಲ್ಲ. ಈಜುವಾಗ ಕೂದಲು ಭಾರವಾಗಬಾರದು, ತಣ್ಣೀರಿನಲ್ಲಿ ಎದೆಗೂ ಕೀಲಿಗೂ ಚಳಿ ಹೊಡೆಯಬಾರದು ಎಂದು ಬೇಟೆಗಾರರು ಮಾಡಿಕೊಂಡ ವ್ಯವಸ್ಥೆ ಅದು ಎನ್ನುತ್ತಾರೆ. ಆ ನೀರಿನ ನಾಯಿಯ ಬುದ್ಧಿ, ಕಿವಿ, ಮೂಗು, ಚುರುಕು ಎಲ್ಲವೂ ಎರಡೂವರೆ ಕಿಲೋದ ಬೆಲ್ಲಾಳೊಳಗೂ ಇದೆ. 1994ರಲ್ಲಿ ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು ನಾಯಿಗಳ ಬುದ್ಧಿಶಕ್ತಿಯ ಮೇಲೆ ಪುಸ್ತಕ ಬರೆದಾಗ, ಹೇಳಿದ್ದನ್ನು ಕಲಿತು ಪಾಲಿಸುವುದರಲ್ಲಿ ಬಾರ್ಡರ್ ಕೋಲಿಯ ನಂತರದ ಎರಡನೇ ಸ್ಥಾನವನ್ನು ಪೂಡಲ್‌ಗೆ ಕೊಟ್ಟರು. ಜಪಾನಿನ ಇಬರಾಕಿ ಪ್ರಾಂತ್ಯದಲ್ಲಿ ಒಂದು ಟಾಯ್ ಪೂಡಲ್ ಪರೀಕ್ಷೆ ಪಾಸಾಗಿ ಪೊಲೀಸ್ ನಾಯಿಯಾಗಿದೆ.

ಇಂಥ ನಾಯಿಯನ್ನು ಸೋಫಾದ ಮೇಲೆ ಗೊಂಬೆಯಂತೆ ಕೂಡಿಸಿದರೆ ಅದು ಹಾಳಾಗುತ್ತದೆ. ಕೆಲಸವಿಲ್ಲದ ಪೂಡಲ್ ದಿನವಿಡೀ ಬೊಗಳುತ್ತದೆ, ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತದೆ. ಮನೆಯವರೆಲ್ಲ ಹೊಲಕ್ಕೆ ಹೋಗಿ ಸಂಜೆಯವರೆಗೆ ಬಾಗಿಲು ಹಾಕಿದರೆ ಬಾಗಿಲನ್ನೇ ಕೆರೆಯುತ್ತದೆ. ಅದಕ್ಕೆ ಬೇಕಾದದ್ದು ದೊಡ್ಡ ಮೈದಾನವಲ್ಲ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ನಡೆದಾಟ, ನಡುವೆ ಹತ್ತು ನಿಮಿಷ ಚೆಂಡು ತರುವ ಆಟ, ಬಟ್ಟಲಿನ ಕೆಳಗೆ ತಿನಿಸು ಬಚ್ಚಿಟ್ಟು ಹುಡುಕಿಸುವ ಆಟ. ಉಳಿದ ಹೊತ್ತು ಮನುಷ್ಯರ ಜತೆ. ಈ ವಿಷಯದಲ್ಲಿ ಹಳ್ಳಿಯ ಮನೆ ಪಟ್ಟಣದ ಫ್ಲ್ಯಾಟಿಗಿಂತ ಎಷ್ಟೋ ಮೇಲು. ಪಡಸಾಲೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಇನ್ನು ಕೂದಲಿನ ಮಾತು. ಪೂಡಲ್ ಸಾಕಣೆಯ ಮುಕ್ಕಾಲು ಪಾಲು ಇರುವುದು ಇಲ್ಲೇ.

ನಮ್ಮೂರ ನಾಯಿಯ ಕೂದಲು ಒಂದಳತೆಗೆ ಬೆಳೆದು ನಿಂತು, ತಾನಾಗಿ ಉದುರಿ ನೆಲಕ್ಕೆ ಬೀಳುತ್ತದೆ. ಪೂಡಲ್‌ನ ಕೂದಲು ಕುರಿಯ ಉಣ್ಣೆಯ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲೂ ಕೆಳಗೆ ಬೀಳದೆ ಗುಂಗುರಿನಲ್ಲೇ ಸಿಕ್ಕಿಕೊಳ್ಳುತ್ತದೆ. "ಮನೆತುಂಬ ಕೂದಲು ಬೀಳೂದಿಲ್ಲ" ಎಂದು ಮಾರುವವರು ಹೊಗಳುವುದು ಇದನ್ನೇ. ಬೀಳದ ಕೂದಲನ್ನು ನಾವೇ ತೆಗೆಯಬೇಕು ಎಂಬುದನ್ನು ಅವರು ಹೇಳುವುದಿಲ್ಲ. ಸಿಕ್ಕಿಕೊಂಡದ್ದು ಗಂಟಾಗುತ್ತದೆ, ಗಂಟು ಜಡೆಯಾಗುತ್ತದೆ, ಜಡೆಯ ಕೆಳಗೆ ಚರ್ಮ ಕೊಳೆಯುತ್ತದೆ. ಇದರಿಂದ ಅಲರ್ಜಿ ಬರುವುದೇ ಇಲ್ಲ ಎಂಬ ಮಾತನ್ನೂ ನಂಬಬೇಡಿ. ಅಲರ್ಜಿ ತರುವ ವಸ್ತು ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲು ಅಂಥ ನಾಯಿಯಿರುವ ಮನೆಯಲ್ಲಿ ಎರಡು ತಾಸು ಕೂತು ನೋಡಲಿ.

ದಿನವೂ ಬಾಚಬೇಕು. ಮೇಲೆ ಮೇಲೆ ಬಾಚಿದರೆ ಉಪಯೋಗವಿಲ್ಲ. ಎಡಗೈಯಿಂದ ಕೂದಲನ್ನು ಎತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಬುಡದಿಂದ ತುದಿಗೆ ಒಂದೊಂದು ಪದರ ಬಾಚುತ್ತ ಹೋಗಬೇಕು. ಕೊನೆಗೆ ಉಕ್ಕಿನ ಹಣಿಗೆ ಎಲ್ಲಿಯೂ ತಡೆಯದೆ ಇಳಿದರೆ ಕೆಲಸ ಮುಗಿಯಿತು. ಬಾಚದೆ ಜಳಕ ಮಾಡಿಸಲೇಬಾರದು. ಕಂಬಳಿ ನೇಯುವವರನ್ನು ಕೇಳಿ ನೋಡಿ, ಒದ್ದೆಯಾದ ಉಣ್ಣೆಯನ್ನು ತಿಕ್ಕಿದರೆ ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿಯಾಗುತ್ತವೆ. ಇಲ್ಲಿಯೂ ಹಾಗೇ. ಗಂಟಿಗೆ ನೀರು ಬಿದ್ದರೆ ಅದು ಬಿಚ್ಚುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಜಳಕ ಸಾಕು, ಅದೂ ನಾಯಿಗೆಂದೇ ಇರುವ ಶಾಂಪೂವಿನಲ್ಲಿ. ನಾವು ಹಚ್ಚಿಕೊಳ್ಳುವ ಸಾಬೂನು ಅದರ ಚರ್ಮಕ್ಕೆ ಖಾರ. ಜಳಕದ ಮೇಲೆ ಬುಡದವರೆಗೆ ಒಣಗಿಸಬೇಕು. ನಾಲ್ಕರಿಂದ ಆರು ವಾರಕ್ಕೊಮ್ಮೆ ಕೂದಲು ಕತ್ತರಿಸಬೇಕು. ಪ್ರದರ್ಶನದ ಕಟಿಂಗ್ ಬೇಡ. ಮೈಯೆಲ್ಲ ಒಂದೇ ಸಮ, ಒಂದು ಬೆರಳಿನ ದಪ್ಪದಷ್ಟು ಕೂದಲು ಬಿಟ್ಟರೆ ನಾಯಿಗೂ ಸುಖ, ನಿಮಗೂ ಸುಲಭ. ಬೇಸಿಗೆ ಎಂದು ತೊಗಲು ಕಾಣುವಂತೆ ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತದೆ.

ಜೋತುಬಿದ್ದ ಕಿವಿಯೊಳಗೂ ಇದಕ್ಕೆ ಕೂದಲು ಬೆಳೆಯುತ್ತದೆ. ಗಾಳಿ ಆಡದೆ ಅಲ್ಲಿ ಕೀವು ಕಟ್ಟುತ್ತದೆ. ವಾರಕ್ಕೊಮ್ಮೆ ಕಿವಿಯನ್ನು ಮಡಚಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ನಾಯಿ ತಲೆ ಕೊಡವುತ್ತಿದ್ದರೆ ಆಸ್ಪತ್ರೆಗೆ ತನ್ನಿ. ಎಣ್ಣೆ ಕಾಸಿ ಹಾಕಬೇಡಿ.

ನಮ್ಮ ಭೀಮಾ ಸೀಮೆಯ ಬಿಸಿಲು ನಿಮಗೆ ಗೊತ್ತು. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣತೆ 42, 43 ಡಿಗ್ರಿಗೆ ಏರುವುದು ಹೊಸದೇನಲ್ಲ. ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದು ಮೈ ತಣಿಸಿಕೊಳ್ಳುವ ದಾರಿ. ಆರೋಗ್ಯವಂತ ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಜೀವಕ್ಕೆ ಅಪಾಯ. ಅದಕ್ಕೇ ಬೇಸಿಗೆಯಲ್ಲಿ ಮುಂಜಾನೆ ಆರರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ ಒಯ್ಯಬೇಕು. ಅಂಗಳದ ಶಹಾಬಾದ ಕಲ್ಲಿನ ಮೇಲೆ ನಿಮ್ಮ ಅಂಗೈಯನ್ನು ಊರಿ ಐದು ಎಣಿಸಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ನಾಯಿ ವಿಪರೀತ ತೇಕುತ್ತ, ತೂರಾಡುತ್ತ, ವಸಡು ಕಡುಗೆಂಪಾದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಗಳಿಗೆ ಸಾದಾ ತಣ್ಣೀರು ಹಾಕಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಹೊರಡಿ. ಮಂಜುಗಡ್ಡೆ ಬೇಡ. ಮುತ್ಯಾ ಆ ಬೇಸಿಗೆಯಲ್ಲಿ ಬೆಲ್ಲಾಳಿಗೆ ನೀರಿನ ಹರವಿಯ ಪಕ್ಕ, ಹಸಿ ನೆಲದ ಮೇಲೆ ಜಾಗ ಮಾಡಿಕೊಟ್ಟಿದ್ದರು. ಮಣ್ಣಿನ ಮಾಳಿಗೆಯ ಒಳಮನೆಯಲ್ಲಿ ಅದಕ್ಕಿಂತ ತಂಪು ಮೂಲೆ ಇನ್ನೊಂದಿರಲಿಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಗಳ ತಪ್ಪು ನಡೆಯುವುದು ಪ್ರೀತಿಯಿಂದಲೇ. ಮೂರು ಕಿಲೋ ತೂಕದ ನಾಯಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ನಮ್ಮ ಒಂದು ದೊಡ್ಡ ಜ್ವಾಳದ ರೊಟ್ಟಿಯಲ್ಲೇ ಅದರ ಅರ್ಧದಷ್ಟು ಬಂದುಬಿಡುತ್ತದೆ. ರೊಟ್ಟಿ ಕೊಡಬಾರದು ಎಂದಲ್ಲ. ಒಂದು ಚೂರನ್ನು ನೆನೆಸಿ, ಬೇಯಿಸಿದ ಮೊಟ್ಟೆ ಅಥವಾ ಎಲುಬು ತೆಗೆದ ಕೋಳಿಯ ಜತೆ ಕೊಡಬಹುದು. ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಮನೆಯ ಊಟದಲ್ಲೇ ಬೆಳೆಸುವುದಾದರೆ ಸುಣ್ಣದ ಅಂಶ, ಜೀವಸತ್ವ ಕಡಿಮೆಯಾಗದಂತೆ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ.

ಆದರೆ ಉಳ್ಳಾಗಡ್ಡಿ ಬೇಡ. ಹಸಿದೂ ಬೇಡ, ಬೇಯಿಸಿದ್ದೂ ಬೇಡ, ಒಣಗಿಸಿ ಪುಡಿ ಮಾಡಿದ್ದೂ ಬೇಡ. ಅದು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಮೈತೂಕದ ಒಂದು ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಸಾಕು, ಕೇಡಾಗಲು. ಎತ್ತರದ ಮುಧೋಳ ನಾಯಿಗೆ ಅದು ದೊಡ್ಡ ರಾಶಿ, ಬೆಲ್ಲಾಳಿಗೆ ಅರ್ಧ ಗಡ್ಡೆ. ತಿಂದ ದಿನ ಏನೂ ಕಾಣುವುದಿಲ್ಲ. ಕೆಲವು ದಿನ ಕಳೆದು ವಸಡು ಬೆಳ್ಳಗಾಗುತ್ತದೆ, ಉಚ್ಚೆ ಕಂದುಬಣ್ಣಕ್ಕೆ ತಿರುಗುತ್ತದೆ. ಬೆಳ್ಳುಳ್ಳಿಯೂ ಅದೇ ಜಾತಿಯದು, ಹಾಗಾಗಿ ಶೇಂಗಾ ಹಿಂಡಿ, ಎಳ್ಳ ಅಮಾವಾಸ್ಯೆಯ ಭಜ್ಜಿ ಇವನ್ನು ಹೊಲದಲ್ಲಿ ಎಲೆಯ ಮೇಲೆ ಬಿಟ್ಟು ಏಳಬೇಡಿ. ಪಕ್ಕದ ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ನಮ್ಮ ಮನೆಗಳಲ್ಲಿ ಡಬ್ಬಿಗಟ್ಟಲೆ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕು ಎಂದು ಪಶುವೈದ್ಯರು ಈಗ ಭಾವಿಸುತ್ತಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಉಂಟು, ಆದ್ದರಿಂದ ಹುಳಿ ಸಾರೂ ಬೇಡ. ಚಾಕೊಲೇಟ್ ಬೇಡವೆಂಬುದು ಎಲ್ಲರಿಗೂ ತಿಳಿದದ್ದೇ. ಹೊಲಕ್ಕೆ ಒಯ್ಯುವವರು ಇನ್ನೊಂದು ನೆನಪಿಡಿ, ತೊಗರಿಗೆ, ಹತ್ತಿಗೆ ಔಷಧಿ ಹೊಡೆದ ಹೊಲದಲ್ಲಿ ಇದನ್ನು ಬಿಡಬೇಡಿ. ಕೂದಲಿಗೆ ಅಂಟಿದ ವಿಷವನ್ನು ಅದು ನೆಕ್ಕುತ್ತದೆ.

ಎಳೆಯ ಮರಿ ತಂದವರು ಎಚ್ಚರವಿರಬೇಕಾದದ್ದು ಹಸಿವಿನ ಬಗ್ಗೆ. ಅಂಗೈಯಗಲದ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಇರುವುದಿಲ್ಲ. ಕೆಲವು ತಾಸು ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿದು ಮರಿ ಜೋಲುತ್ತದೆ, ನಡುಗುತ್ತದೆ, ಸೆಟೆದು ಬೀಳುತ್ತದೆ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ಜೋತುಬಿದ್ದ ಮರಿಯ ವಸಡಿಗೆ ಗ್ಲೂಕೋಸ್ ಅಥವಾ ಜೇನುತುಪ್ಪ ಸವರಿ ತಕ್ಷಣ ಕರೆತಂದರೆ ಉಳಿಯುತ್ತದೆ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಎಲುಬು ಸಣ್ಣವು. ಹೊರಸಿನ ಮೇಲಿಂದ ಜಿಗಿದು, ಮಕ್ಕಳ ಕೈಯಿಂದ ಜಾರಿ ಬಿದ್ದು ಮುಂಗಾಲು ಮುರಿದುಕೊಂಡ ಚಿಕ್ಕ ತಳಿಯ ನಾಯಿಗಳು ಆಸ್ಪತ್ರೆಗೆ ಬರುತ್ತಲೇ ಇರುತ್ತವೆ. ಹಿಂಗಾಲಿನ ಮೊಣಕಾಲ ಚಿಪ್ಪು ಜಾರುವುದು ಈ ತಳಿಯಲ್ಲಿ ಹುಟ್ಟಿನಿಂದಲೇ ಬರುವ ದೋಷ. ನಡೆಯುತ್ತ ನಡೆಯುತ್ತ ಒಂದು ಕಾಲೆತ್ತಿ ಕುಂಟಿ, ಮತ್ತೆ ಸರಿಯಾದರೆ ಅದೇ ಇರಬಹುದು. ಪಾಲಿಶ್ ಮಾಡಿದ ಫರಸಿಯ ಮೇಲೆ ಹಳೇ ಕೌದಿ ಹಾಸಿದರೆ ಕಾಲು ಜಾರುವುದಿಲ್ಲ. ಕೊರಳಿಗೆ ಪಟ್ಟಾ ಕಟ್ಟಿ ಜಗ್ಗಬೇಡಿ. ಇವುಗಳ ಗಾಳಿಕೊಳವೆ ಮೆತ್ತಗೆ, ಅದು ಅದುಮಿದಂತಾದರೆ ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಹತ್ತುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಆರೇಳು ತಿಂಗಳಾದರೂ ಹಾಲುಹಲ್ಲು ಬೀಳದೆ ಎರಡು ಸಾಲಾಗಿ ನಿಂತರೆ ಕೀಳಿಸಬೇಕು. ಚಿಕ್ಕ ಬಾಯಿಯಲ್ಲಿ ಹಲ್ಲು ಒತ್ತಾಗಿ ಬೇಗ ಕಿಟ್ಟ ಕಟ್ಟುವುದರಿಂದ ದಿನವೂ ಉಜ್ಜಿ. ನಮ್ಮ ಟೂತ್‌ಪೇಸ್ಟ್ ಹಚ್ಚಬೇಡಿ, ಅದು ಹೊಟ್ಟೆಗೆ ಹೋದರೆ ನಾಯಿಗೆ ಕೇಡು. ಇಷ್ಟು ನೋಡಿಕೊಂಡರೆ ಹನ್ನೆರಡು, ಹದಿನೈದು ವರ್ಷ ಜತೆಗಿರುವ ಜೀವ ಇದು.

ಲಸಿಕೆಗೆ ಯಾವ ತಳಿಗೂ ರಿಯಾಯಿತಿ ಇಲ್ಲ. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಡಿಸ್ಟೆಂಪರ್, ಪಾರ್ವೊ ಲಸಿಕೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಮನೆಯೊಳಗಿನ ಸಣ್ಣ ನಾಯಿ, ಅದಕ್ಕೇಕೆ ರೇಬೀಸ್ ಲಸಿಕೆ ಎನ್ನುವವರಿದ್ದಾರೆ. ಓಣಿಯ ನಾಯಿ ಒಮ್ಮೆ ಕಚ್ಚಿದರೆ ಸಾಕು. ಆ ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ನಾಯಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಕೊಳ್ಳುವವರಿಗೆ ಒಂದು ಮಾತು. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಾಯಿ ಸಾಕಿ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮೊಬೈಲಿನಲ್ಲಿ ಫೋಟೋ ನೋಡಿ, ಬಸ್ಸಿನಲ್ಲಿ ಕಳಿಸಿದ ಮರಿಯನ್ನು ಇಳಿಸಿಕೊಳ್ಳಬೇಡಿ. ಹೋಗಿ ತಾಯಿನಾಯಿಯನ್ನು ನೋಡಿ. ಅದು ಸೊರಗಿ, ಹೆದರಿ ಮೂಲೆಯಲ್ಲಿದ್ದರೆ ಅಲ್ಲಿಂದ ಬರಿಗೈಯಲ್ಲಿ ಎದ್ದು ಬನ್ನಿ. ಹೊಲ ಕಾಯಲು ನಾಯಿ ಬೇಕು ಎನ್ನುವವರಿಗೆ ಪೂಡಲ್ ತಕ್ಕದ್ದಲ್ಲ. ಅಂಥವರಿಗೆ ಓಣಿಯಲ್ಲಿ ಹುಟ್ಟಿದ ಮರಿಯೇ ಒಳ್ಳೆಯದು. ತಳಿಯ ನಾಯಿಯೇ ಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಈ ಬಿಸಿಲಿಗೇ ಹುಟ್ಟಿದ್ದು. ತೆಳು ಮೈ, ಗಿಡ್ಡ ಕೂದಲು. ಬಾಚುವ ಚಿಂತೆ ಇಲ್ಲ, ಆದರೆ ಅದಕ್ಕೆ ಓಡಲು ಬಯಲು ಬೇಕು.

ಆ ಯುಗಾದಿಯ ನಂತರ ಮುತ್ಯಾ ನನ್ನಿಂದ ಉಕ್ಕಿನ ಹಣಿಗೆಯ ಅಳತೆ ಕೇಳಿಕೊಂಡು ಹೋಗಿ ಕಲಬುರಗಿಯಿಂದ ತರಿಸಿದರು. ಮೂರು ತಿಂಗಳ ಮೇಲೆ ಲಸಿಕೆಗೆ ಬಂದಾಗ ಬುಟ್ಟಿ ಇರಲಿಲ್ಲ. ಬೆಲ್ಲಾ ಹೆಗಲ ಮೇಲಿನ ಟವೆಲ್ಲಿಗೆ ಮುಖವಿಟ್ಟು, ತೋಳಿನಲ್ಲಿ ಕೂತಿದ್ದಳು. ಕಿವಿಯ ಹಿಂದೆ ನನ್ನ ಬೆರಳು ಆಡಿಸಿದೆ. ಒಂದು ಗಂಟೂ ಸಿಗಲಿಲ್ಲ.

"ದಿನಾ ಬಾಚ್ತೀರೇನು, ಮುತ್ಯಾ?"

"ಹೊತ್ತು ಮುಳುಗಿದ ಮ್ಯಾಲ ಕಟ್ಟಿ ಮ್ಯಾಲ ಕುಂದರತೀನ್ರೀ. ಅದೇ ಹಣಗಿ ಕಚ್ಚಿಕೊಂಡು ಬರತಾದ."

ಮರಿ ತರಬೇಕೆಂದಿರುವ ಮನೆಯವರಲ್ಲಿ ನನ್ನದೊಂದು ವಿನಂತಿ. ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಕೇಳಿಕೊಳ್ಳಿ, ಮುಂದಿನ ಹದಿನೈದು ವರ್ಷ ದಿನವೂ ಇದನ್ನು ಬಾಚುವವರು ಯಾರು? "ಎಲ್ಲರೂ ಸೇರಿ ನೋಡ್ಕೋತೀವಿ" ಎಂಬ ಉತ್ತರ ಬಂದರೆ ಮರಿ ತರಬೇಡಿ. ಒಬ್ಬರ ಹೆಸರು ಬಂದರೆ, ಆ ಒಬ್ಬರನ್ನು ಕರೆದುಕೊಂಡು ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಬನ್ನಿ.